ಬಿಡುಗಡೆ ಆಳಿಗೆ, ದುಡ್ಡು ಧಣಿಗೆ

ಊರಿನಿಂದ ಯಾರೇ ಬ್ರಿಸ್ಟಲ್‌ಗೆ ಬರಲಿ, ಅವರನ್ನು ಎಂ ಶೆಡ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಎಡ್ವರ್ಡ್ ಕೋಲ್‌ಸ್ಟನ್ ಅಂಗಾತ ಬಿದ್ದಿದ್ದಾನೆ, ಕಂಚಿನ ಮೈಗೆಲ್ಲ ಕೆಂಪು, ನೀಲಿ ಬಣ್ಣ ಮೆತ್ತಿಕೊಂಡು. ಆಫ್ರಿಕಾದವರನ್ನು ಹಡಗಿಗೆ ತುಂಬಿ ಮಾರುತ್ತಿದ್ದ ಕಂಪನಿಯ ದೊಡ್ಡ ಕುಳ. 1895ರಲ್ಲಿ ಪ್ರತಿಮೆ ನಿಲ್ಲಿಸಿದವರು ‘ಸದ್ಗುಣಿ, ವಿವೇಕಿ’ ಎಂದು ಬರೆಸಿದ್ದರು. 2020ರ ಜೂನ್ 7ರಂದು ಜನ ಹಗ್ಗ ಹಾಕಿ ಕೆಡವಿ, ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ತಳ್ಳಿದರು. ಮ್ಯೂಸಿಯಂನವರು ಬಣ್ಣ ಅಳಿಸಿಲ್ಲ. ಒಳ್ಳೆಯದೇ ಆಯಿತು.

ಆದರೆ ನನ್ನನ್ನು ಜಾಸ್ತಿ ಕಾಡುವುದು ಪ್ರತಿಮೆಯಲ್ಲ, ಲೆಕ್ಕದ ಪುಸ್ತಕ. ಬ್ರಿಟನ್ನಿನ 1833ರ ಕಾನೂನು ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಸರ್ಕಾರದ ವರ್ಷದ ಖರ್ಚಿನಲ್ಲಿ ಸುಮಾರು ಶೇ. 40. ಕೊಟ್ಟಿದ್ದು ಧಣಿಗಳಿಗೆ! ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಮೇಲಿಂದ, ‘ಅಪ್ರೆಂಟಿಸ್’ ಎಂಬ ಹೆಸರಲ್ಲಿ 1838ರವರೆಗೆ ವೆಸ್ಟ್ ಇಂಡೀಸ್‌ನ ಅದೇ ಕಬ್ಬಿನ ಗದ್ದೆಯಲ್ಲಿ ಬಿಟ್ಟಿ ದುಡಿತ. ಉಂಡೂ ಹೋದ, ಕೊಂಡೂ ಹೋದ ಅಂದರೆ ಇದೇ ಅಲ್ವಾ? ಇದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ನನ್ನ ತೆರಿಗೆಯೂ ಅದಕ್ಕೆ ಹೋಗಿದೆ, ಜಮೈಕಾ ಮೂಲದ ಪಕ್ಕದ ಮನೆಯವರದ್ದೂ ಹೋಗಿದೆ.

ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್‌ನ ಅಪ್ಪ ಜಾನ್ ಒಬ್ಬನೇ ಈ ಪರಿಹಾರದಲ್ಲಿ 1 ಲಕ್ಷ ಪೌಂಡ್‌ಗೂ ಜಾಸ್ತಿ ಎಣಿಸಿಕೊಂಡ. 1838ರಲ್ಲಿ ತನ್ನ ಗಯಾನಾದ ಕಬ್ಬಿನ ತೋಟಕ್ಕೆ ಕಲ್ಕತ್ತದಿಂದ ಕೂಲಿಗಳನ್ನು ತರಿಸಿದವನೂ ಇವನೇ.

ಈಗ ನಮ್ಮ ಕಡೆಗೆ ಬನ್ನಿ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ 1833ರ ಕಾನೂನು ಅನ್ವಯಿಸಲೇ ಇಲ್ಲ. ನಮ್ಮ ಕರಾವಳಿಯ ಅಂದಿನ ಕೆನರಾ ಜಿಲ್ಲೆಯೂ ಹಾಗೆಯೇ ಹೊರಗೆ ಉಳಿಯಿತು. 1801ರಲ್ಲಿ ಕಂಪನಿಯ ಪರವಾಗಿ ಅಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ಆಳುಗಳನ್ನು ಕೊಳ್ಳುವ, ಮಾರುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ. 1843ರ ಕಾನೂನು ಬಂತು ನಿಜ. ‘ಇವನು ನನ್ನ ಗುಲಾಮ’ ಎಂದು ಬಂದವರ ಹಕ್ಕನ್ನು ಕೋರ್ಟ್ ಮಾನ್ಯ ಮಾಡುವುದಿಲ್ಲ ಎಂದಿತು, ಅಷ್ಟೇ. ಹೋಗಿ ಬಿಡಿಸಿದವರು ಯಾರೂ ಇಲ್ಲ. ಜೀತ ತಡೆಯಲು 1976ರಲ್ಲಿ ಮತ್ತೊಂದು ಕಾನೂನೇ ಬೇಕಾಯಿತು.

ಬಿಳಿಯರನ್ನು ಸುಮ್ನೆ ಹೊಗಳುವ ಮನಸ್ಸು ನನಗಿಲ್ಲ. ಆದರೆ ದುಡ್ಡು ಕೊಟ್ಟಿದ್ದಕ್ಕೆ ದಾಖಲೆ ಇಟ್ಟರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅದನ್ನೇ ಹಿಡಿದು ಧಣಿಗಳ ಹೆಸರನ್ನೆಲ್ಲ ಆನ್‌ಲೈನ್‌ಗೆ ಹಾಕಿದ್ದಾರೆ. ಯಾರ ಮುತ್ತಜ್ಜ ಎಷ್ಟು ತಗೊಂಡ ಎಂದು ಯಾರು ಬೇಕಾದರೂ ನೋಡಬಹುದು. ನಮ್ಮ ಕರಾವಳಿಯ ಹಳೇ ಮನೆಗಳಲ್ಲಿ ಚಾವಡಿಯ ಕಂಬ ಹೆಮ್ಮೆಯಿಂದ ತೋರಿಸುತ್ತಾರೆ. ಇಷ್ಟು ದೊಡ್ಡ ಮರ ಹೊತ್ತು ತಂದವರು ಯಾರು ಎಂದರೆ, ‘ಮೂಲದಾಳುಗಳು, ಮನೆಯವರ ಹಾಗೇ ಇದ್ರು’ ಅನ್ನುತ್ತಾರೆ. ಮೂಲದಾಳು ಅಂದರೆ ತಲೆತಲಾಂತರದಿಂದ ಧಣಿಯ ಮನೆಗೆ ಕಟ್ಟುಬಿದ್ದ ಆಳು. ಮನೆಯವರಾಗಿದ್ದರೆ ಪಾಲುಪಟ್ಟಿಯಲ್ಲಿ ಹೆಸರಿರಬೇಕಿತ್ತಲ್ಲ?