ಇನ್ನೇನು ಬಂತು!

ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ದಿನಾ ಕೇಳಿಬರುವ ಸುಳ್ಳು ಒಂದೇ. "ಇನ್ನೇನು ಬಂತು ಸಾರ್, ಹತ್ತೇ ನಿಮಿಷ."

ಹೇಳುವವರೆಲ್ಲ ಇಳಿಯುತ್ತಿರುವವರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದದ ಕವರ್. ಅಮ್ಮನವರ ದರ್ಶನ ಮಾಡಿ ಇನ್ನೂ ಅರ್ಧ ಗಂಟೆ ಆಗಿರುವುದಿಲ್ಲ, ಆಗಲೇ ಸುಳ್ಳು ಶುರು. ಕೇಳುವವನು ಮುನ್ನೂರನೇ ಮೆಟ್ಟಿಲ ಹತ್ತಿರ ಸೊಂಟ ಹಿಡಿದುಕೊಂಡು ನಿಂತಿರುತ್ತಾನೆ.

ಮೊನ್ನೆ ಭಾನುವಾರ ಆ ಸೊಂಟ ನನ್ನದಾಗಿತ್ತು.

ಡಾಕ್ಟರು ಶುಗರ್ ರಿಪೋರ್ಟ್ ನೋಡಿ "ನಡೀರಿ" ಅಂದಿದ್ದರು. ಮೈಸೂರಿನವರಿಗೆ ನಡೆಯೋದು ಅಂದ್ರೆ ಕುಕ್ಕರಹಳ್ಳಿ ಕೆರೆ, ಇಲ್ಲಾ ಬೆಟ್ಟ. ಕೆರೆಗೆ ಹೋದರೆ ಪರಿಚಯದವರು ಸಿಗುತ್ತಾರೆ, ಕಾಲು ನಿಂತು ಬಾಯಿ ಓಡುತ್ತದೆ. ಅದಕ್ಕೇ ಬೆಟ್ಟ. ಸಾವಿರ ಮೆಟ್ಟಿಲು ಅಂತ ಹೆಸರು. ಸಾವಿರದ ಎಂಟು ಅನ್ನುವವರೂ ಇದ್ದಾರೆ. ನನ್ನ ಮಂಡಿಯನ್ನು ಕೇಳಿದರೆ ಎರಡು ಸಾವಿರ. ಕಟ್ಟಿಸಿದ್ದು ದೊಡ್ಡ ದೇವರಾಜ ಒಡೆಯರು. ಅವರು ಪಟ್ಟಕ್ಕೆ ಬಂದಿದ್ದು 1659ರಲ್ಲಿ. ಅಂದರೆ ಹತ್ತಿರ ಹತ್ತಿರ 350 ವರ್ಷದಿಂದ ಜನ ಏದುಸಿರು ಬಿಡುತ್ತಾ ಹತ್ತುತ್ತಿದ್ದಾರೆ. ಎದುರಿಗೆ ಬರುವವರು ಆಗಲೂ ಹೀಗೇ ಹೇಳುತ್ತಿದ್ದರು ಅಂತ ನನಗೆ ಗ್ಯಾರಂಟಿ.

ಮೊದಲು ಒಬ್ಬ ಹುಡುಗ ಸಿಕ್ಕ. "ಹತ್ತು ನಿಮಿಷ ಅಂಕಲ್." ಇಪ್ಪತ್ತು ನಿಮಿಷ ಆದ ಮೇಲೆ ಒಬ್ಬರು ಹೆಂಗಸು. "ಇನ್ನು ಹತ್ತು ನಿಮಿಷ ಅಷ್ಟೇ." ನಾನು ಹತ್ತಿದಷ್ಟೂ ಈ ಹತ್ತು ನಿಮಿಷ ಕರಗಲೇ ಇಲ್ಲ.

ಅವರು ಬೇಕು ಅಂತ ಸುಳ್ಳು ಹೇಳುವುದಿಲ್ಲ, ಅದೇ ಮಜಾ. ಅವರಿಗೆ ನಿಜವಾಗಿಯೂ ಮರೆತುಹೋಗಿರುತ್ತದೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇಳಿದು ಬಂದ ಬೆಟ್ಟ ಅದಕ್ಕಿಂತ ನುಣ್ಣಗೆ. ಮನೆ ಕಟ್ಟಿ ಗೃಹಪ್ರವೇಶ ಮುಗಿಸಿದವರನ್ನು ಕೇಳಿ ನೋಡಿ. "ಶುರು ಮಾಡ್ಬಿಡಿ ಸಾರ್, ಹಂಗೇ ಆಗ್ಹೋಗುತ್ತೆ" ಅಂತಾರೆ. ಮೇಸ್ತ್ರಿ ಅಡ್ವಾನ್ಸ್ ಇಸ್ಕೊಂಡು ನಾಪತ್ತೆಯಾದ ದಿನ ಇದೇ ಮನುಷ್ಯ ನಮ್ಮ ಜಗಲಿ ಮೇಲೆ ಕೂತು ತಲೆ ಚಚ್ಚಿಕೊಂಡಿದ್ದು ನನಗೆ ನೆನಪಿದೆ, ಅವರಿಗಿಲ್ಲ. ನಾನೇನು ಕಮ್ಮಿ? ಮಗನಿಗೆ "ಗಣಿತ ಒಂದು ಕಷ್ಟಾನಾ, ನಾವೆಲ್ಲ ಬುಡ್ಡಿ ದೀಪದಲ್ಲಿ ಓದಿದ್ವಿ" ಅಂತ ಗದರುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ ಬಂದಿದ್ದು 38. ಮಾರ್ಕ್ಸ್ ಕಾರ್ಡು ಟ್ರಂಕಿನ ತಳದಲ್ಲಿದೆ. ಹೆಂಡತಿಗೆ ಗೊತ್ತು, ಸದ್ಯಕ್ಕೆ ಸುಮ್ಮನಿದ್ದಾಳೆ.

ನಮ್ಮ ತಾತನ ಊರು ಮದ್ದೂರಿನ ಹತ್ತಿರ. ಅಲ್ಲೂ ದಾರಿ ಕೇಳಿದರೆ ಇದೇ ಲೆಕ್ಕ. "ಇಲ್ಲೇ ಕಣಪ್ಪಾ, ಒಂದು ಬೀಡಿ ಸೇದೋ ಅಷ್ಟೊತ್ತು." ನಡೆದರೆ ಒಂದು ಕಟ್ಟು ಬೀಡಿ ಖಾಲಿಯಾಗುವಷ್ಟು ದೂರ. ಆದ್ರೆ ಆ ಸುಳ್ಳಿನ ಮೇಲೆ ನನಗೆ ಕೋಪವಿಲ್ಲ. ಹಾಗೆ ಹೇಳಿದವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು "ಬಾ, ನಾನೂ ಅತ್ಲಾಗೇ ಹೊಂಟಿವ್ನಿ" ಅಂತ ಜೊತೆಗೇ ಬರುತ್ತಿದ್ದರು.

ಹೀಗೆ ಯೋಚಿಸುತ್ತಾ ಕೂತಿದ್ದಾಗ ಒಂದು ಅಜ್ಜಿ ಬಂತು. ಹರಕೆ ಇರಬೇಕು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಕುಂಕುಮ ಇಡುತ್ತಿತ್ತು. ಜೊತೆಗಿದ್ದ ಸೊಸೆ ಅರಿಶಿನ ಇಡುತ್ತಿದ್ದಳು. ಬಲಗೈ ಬೆರಳೆಲ್ಲ ಗೆಣ್ಣಿನವರೆಗೂ ಕೆಂಪು. ಇಷ್ಟು ಬಗ್ಗಿ ಎದ್ದರೂ ನನ್ನನ್ನು ಹಿಂದೆ ಹಾಕುವ ಸ್ಪೀಡು!

"ಇನ್ನೂ ಎಷ್ಟು ದೂರ ಇದೆ ಅಜ್ಜಿ?"

"ಬೋ ದೂರ ಅದೆ ಕಣಪ್ಪ. ಇನ್ನೂ ಅರ್ಧನೂ ಆಗಿಲ್ಲ. ವಸಿ ಸುಧಾರಿಸ್ಕಂಡು ಹೋಗು."

"ಎಲ್ಲರೂ ಬಂತು ಬಂತು ಅಂದ್ರಲ್ಲ?"

"ಯಾರು, ಇಳಿಯೋರಾ? ಅವ್ರಿಗೇನಪ್ಪ, ಅವ್ರ ಬೆಟ್ಟ ಮುಗೀತು."

ಇಷ್ಟು ಹೇಳಿ ಸೊಂಟದ ಚೀಲದಿಂದ ಒಂದು ಪೆಪ್ಪರ್‌ಮೆಂಟ್ ತೆಗೆದು ಕೊಟ್ಟು, ಮುಂದಿನ ಮೆಟ್ಟಿಲಿಗೆ ಬಗ್ಗಿತು. ಪೆಪ್ಪರ್‌ಮೆಂಟಿಗೂ ಕುಂಕುಮ ಅಂಟಿತ್ತು. ಹಾಗೇ ಬಾಯಿಗೆ ಹಾಕಿಕೊಂಡೆ. ಅರ್ಧನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಯಾಕೋ ಕಾಲು ಹಗುರಾಯಿತು.

ನಂದಿ ಹತ್ತಿರ ಇನ್ನೊಂದು ಸಲ ಕೂತೆ. ಒಂದೇ ಬಂಡೆಯಲ್ಲಿ ಕಡೆದ ನಂದಿ, ಸುಮಾರು 15 ಅಡಿ ಎತ್ತರ. ಅಲ್ಲಿಯವರೆಗೆ ರಸ್ತೆ ಇದೆ. ಒಂದು ಕಾರು ಬಂತು, ಎಸಿಯಿಂದ ಇಳಿದ ಒಬ್ಬರು ಕೆಳಗಿನ ಮೆಟ್ಟಿಲುಗಳನ್ನು ಬಗ್ಗಿ ನೋಡಿ "ಇಷ್ಟೇನಾ? ಮುಂದಿನ ಸಲ ಹತ್ತೇ ಬರೋಣ" ಅಂದರು. ಇವರ ಬಗ್ಗೆ ಬೇರೆಯೇ ಪೋಸ್ಟ್ ಬರೀಬೇಕು.

ದರ್ಶನ ಆಯಿತು. 201ನೇ ನಂಬರ್ ಬಸ್ಸಲ್ಲಿ ಇಳಿಯಬಹುದಿತ್ತು. ಜಂಭ, ಮೆಟ್ಟಿಲಲ್ಲೇ ಇಳಿದೆ. ನಾನಂತೂ ಯಾರಿಗೂ ಸುಳ್ಳು ಹೇಳಬಾರದು ಅಂತ ತೀರ್ಮಾನ ಮಾಡಿದ್ದೆ. ಸರಿಯಾಗಿ ನಾನು ನಿಂತಿದ್ದ ಜಾಗದಲ್ಲೇ ಒಬ್ಬರು ಸೊಂಟ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹೆಂಡತಿ.

"ಇನ್ನೆಷ್ಟಿದೆ ಸಾರ್?"

"ಇನ್ನೂ ಏಳ್ನೂರು ಮೆಟ್ಟಿಲಿದೆ ಸಾರ್. ಸ್ವಲ್ಪ ಕೂತು ಹೋಗಿ."

ಅವರು ಹೆಂಡತಿ ಕಡೆ ತಿರುಗಿದರು. "ನೋಡಿದ್ಯಾ? ಬಸ್ಸಲ್ಲಿ ಹೋಗೋಣ ಅಂತ ಬಡ್ಕೊಂಡೆ." ಆಯಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಮಹಿಷಾಸುರನೂ ಕತ್ತಿ ಕೆಳಗಿಡಬೇಕು. ಇಬ್ಬರೂ ಅಲ್ಲಿಂದಲೇ ವಾಪಸ್ ಇಳಿಯತೊಡಗಿದರು. ಅಜ್ಜಿಯ ಮಾತನ್ನೇ ಹೇಳಿದ್ದೆ. ಜೇಬಲ್ಲಿ ಪೆಪ್ಪರ್‌ಮೆಂಟ್ ಇರಲಿಲ್ಲ, ಅಷ್ಟೇ.

ಇನ್ನೊಂದು ನೂರು ಮೆಟ್ಟಿಲು ಇಳಿದಿರಬಹುದು. ಕಾಲೇಜು ಹುಡುಗಿಯರ ಒಂದು ಗುಂಪು ಉಸಿರು ಬಿಡುತ್ತಾ ಎದುರಾಯಿತು.

"ಅಂಕಲ್, ಇನ್ನೂ ತುಂಬಾ ಇದ್ಯಾ?" ಕೇಳಿದ್ದು ನನ್ನನ್ನಲ್ಲ, ನನ್ನ ಮುಂದೆ ಇಳಿಯುತ್ತಿದ್ದ ಅವರನ್ನು.

"ಇಲ್ಲಮ್ಮ, ಇನ್ನೇನು ಬಂತು" ಅಂದರು ಅವರು, ಕರ್ಚೀಫಲ್ಲಿ ಕತ್ತು ಒರೆಸಿಕೊಳ್ಳುತ್ತಾ. "ಹತ್ತೇ ನಿಮಿಷ. ಮೇಲೆ ಗಾಳಿ ಏನ್ ಚೆನ್ನಾಗಿದೆ ಅಂತೀರಾ!"

ಆಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಬೇರೆ ಕಡೆ ನೋಡಿದರು.