ಆಧಾರ್ ಇಲ್ಲದ ಮೀನುಗಳು

‘ಸಮಗ್ರ ಮಾಹಿತಿ ಲಭ್ಯವಾದ ನಂತರ ಪರಿಶೀಲಿಸಲಾಗುವುದು’ ಎಂಬ ವಾಕ್ಯವನ್ನು ಮೊದಲು ಬರೆದ ಪುಣ್ಯಾತ್ಮನಿಗೆ ಚಿಕ್ಕಮಗಳೂರಿನಿಂದಲೇ ಕೈಮುಗಿಯುತ್ತೇನೆ. ಕಡಲಿನ ಒಂದು ಪಾಲನ್ನು ಬಲೆಗೂ ಬಂದರಿಗೂ ಕೊಡದೆ ಹಾಗೆಯೇ ಬಿಡೋಣ ಎಂಬ ಮಾತು ಎದ್ದಾಗಲೆಲ್ಲ ಆ ವಾಕ್ಯ ತಪ್ಪದೆ ಹಾಜರಾಗುತ್ತದೆ. ಅಲ್ಲಿ ಯಾವ ಯಾವ ಜೀವಿಗಳಿವೆ, ಎಷ್ಟೆಷ್ಟಿವೆ ಎಂಬ ಪಟ್ಟಿ ಇಲ್ಲವಂತೆ. ಪಟ್ಟಿ ಇಲ್ಲದೆ ನಕ್ಷೆಯ ಮೇಲೆ ಗೆರೆ ಎಳೆಯಲು ಬಾರದಂತೆ. ಕಾರ್ಡ್ ಇಲ್ಲದವನಿಗೆ ಅಕ್ಕಿ ಇಲ್ಲ ಎಂಬ ನ್ಯಾಯವನ್ನು ನೀರಿನೊಳಗಿನವರಿಗೂ ಭೇದವಿಲ್ಲದೆ ಅನ್ವಯಿಸಿದ ಈ ಸಮಭಾವವನ್ನು ಮೆಚ್ಚಲೇಬೇಕು.

ಕಡಲೇ ಕಾಣದ ಊರಿನವನಿಗೆ ಈ ಉಸಾಬರಿ ಏಕೆ ಎಂದು ಕೇಳಬಹುದು. ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿಯ ಹಾರ್ನ್ ಕೇಳಿದೊಡನೆ ಪಾತ್ರೆ ಹಿಡಿದು ಓಡುವ ನಮಗೂ ಕಡಲಿಗೂ ಇರುವ ಸಂಬಂಧ ಸಾಮಾನ್ಯದ್ದಲ್ಲ. ಬಂಗುಡೆ, ಭೂತಾಯಿ, ಅಂಜಲ್ ಎಂಬ ಮೂರು ಹೆಸರುಗಳಲ್ಲಿ ನಮ್ಮ ಕಡಲ ಜ್ಞಾನ ಮುಗಿಯುತ್ತದೆ. ಸರ್ಕಾರದ ಜ್ಞಾನ ಇದಕ್ಕಿಂತ ದೊಡ್ಡದು, ಆದರೆ ಅದೂ ಹೆಚ್ಚುಕಡಿಮೆ ಇದೇ ಜಾತಿಯದು. 2023ರಲ್ಲಿ ದೇಶದ ಕಡಲಿನಿಂದ ದಡಕ್ಕೆ ಬಂದ ಮೀನು ಸುಮಾರು 35 ಲಕ್ಷ ಟನ್ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅಂದಾಜು ಮಾಡಿ ಹೇಳಬಲ್ಲದು. ಸತ್ತು ದಡ ಸೇರಿದವರ ಲೆಕ್ಕಕ್ಕೆ ಪ್ರತಿವರ್ಷ ವರದಿಯಿದೆ. ಕೊರತೆ ಇರುವುದು ಬದುಕಿರುವವರ ಲೆಕ್ಕದಲ್ಲಿ ಮಾತ್ರ.

ಸರಿ, ಪೂರ್ಣ ಪಟ್ಟಿ ಬರುವವರೆಗೆ ಕಾಯೋಣ. ಎಷ್ಟು ಕಾಲ ಎಂಬುದಕ್ಕೂ ಲೆಕ್ಕ ಸಿಗುತ್ತದೆ. 2011ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರ ಅಂದಾಜಿನಂತೆ ಸಾಗರದಲ್ಲಿ ಸುಮಾರು 22 ಲಕ್ಷ ಜೀವಿಪ್ರಭೇದಗಳಿದ್ದು, ಅವುಗಳಲ್ಲಿ ಶೇ. 91ರಷ್ಟಕ್ಕೆ ವಿಜ್ಞಾನ ಇನ್ನೂ ಹೆಸರಿಟ್ಟಿಲ್ಲ. ನೆಲ-ಜಲಗಳಲ್ಲಿ ಉಳಿದ ಎಲ್ಲ ಜೀವಿಗಳಿಗೂ ಈಗಿನ ಕ್ರಮದಲ್ಲೇ ಹೆಸರಿಡುತ್ತ ಹೋದರೆ 3,03,000 ತಜ್ಞರು ಬೇಕು, 1,200 ವರ್ಷ ಬೇಕು. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ವಿಷ್ಣುವರ್ಧನನೇ ಒಂದು ಸಮಿತಿ ರಚಿಸಿ ಹೋಗಿದ್ದರೂ ಅದರ ಮಧ್ಯಂತರ ವರದಿ ಮಾತ್ರ ಈ ವೇಳೆಗೆ ನಮ್ಮ ಕೈಸೇರಿರುತ್ತಿತ್ತು. 2030ರೊಳಗೆ ನೆಲದಲ್ಲೂ ಕಡಲಲ್ಲೂ ಶೇ. 30ರಷ್ಟನ್ನು ಕಾಯುತ್ತೇವೆಂದು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿದ ದೇಶಗಳಿಗೆ ಈ 1,200 ವರ್ಷಗಳ ಸಂಗತಿಯನ್ನು ಯಾರಾದರೂ ಮೆಲ್ಲಗೆ ತಿಳಿಸಬೇಕು.

ಆಸ್ಟ್ರೇಲಿಯಾದವರಿಗೆ ಇಷ್ಟು ತಾಳ್ಮೆ ಇರಲಿಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅವರು ಪ್ರತಿಯೊಂದು ಮೀನಿನ ವಿಳಾಸಕ್ಕಾಗಿ ಕಾಯದೆ, ಆಳ, ತಳದ ಮಣ್ಣು, ಹವಳ, ಪ್ರವಾಹಗಳನ್ನು ನೋಡಿ ಕಡಲನ್ನು 70 ಬಗೆಯ ಜೀವವಲಯಗಳಾಗಿ ವಿಂಗಡಿಸಿದರು. ಪ್ರತಿ ಬಗೆಯಲ್ಲೂ ಕನಿಷ್ಠ ಶೇ. 20ರಷ್ಟಾದರೂ ಬಲೆ ಇಳಿಯದ ಜಾಗವಾಗಿರಲಿ ಎಂದು ಗೊತ್ತುಪಡಿಸಿದರು. 2004ರಲ್ಲಿ ಅದು ಜಾರಿಯಾದಾಗ, ಮೀನು ಹಿಡಿಯಬಾರದ ಪ್ರದೇಶ ಶೇ. 5ಕ್ಕೂ ಕಡಿಮೆ ಇದ್ದದ್ದು ಸುಮಾರು ಶೇ. 33ಕ್ಕೇರಿತು. ಮನೆ ಉಳಿದರೆ ಮನೆಯವರೂ ಉಳಿದಾರು ಎಂಬ ಊಹೆ ಅವರದು. ಊಹೆ ತಪ್ಪಲೂಬಹುದು, ಆದ್ದರಿಂದಲೇ ಒಂದೇ ಬಗೆಯ ನೆಲೆಯನ್ನು ಒಂದೇ ಕಡೆ ಕಾಯದೆ, ಮರಿಗಳು ಪ್ರವಾಹದೊಡನೆ ಒಂದರಿಂದ ಇನ್ನೊಂದಕ್ಕೆ ತಲುಪುವಷ್ಟು ಅಂತರದಲ್ಲಿ ಹಲವು ಕಡೆ ಕಾಯಬೇಕೆಂದು ಇದನ್ನು ಬಲ್ಲವರು ಹೇಳುತ್ತಾರೆ.

ಆಸ್ಟ್ರೇಲಿಯಾದವರೆಗೆ ಹೋಗುವುದೂ ದಂಡ. ನಮ್ಮ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿಗೆ ಬಾಯಿ ತೆರೆದು ನಿಲ್ಲುವ ಮೀನುಗಳ ಪ್ರಭೇದಪಟ್ಟಿಯನ್ನು ಯಾರೂ ಮೊದಲು ತಯಾರಿಸಿ, ಆಮೇಲೆ ಅವನ್ನು ಹಿಡಿಯಬಾರದೆಂದು ತೀರ್ಮಾನಿಸಲಿಲ್ಲ. ಈ ಮಡುವಿನಲ್ಲಿ ಗಾಳ ಹಾಕಬಾರದು ಎಂದರು, ಮುಗಿಯಿತು. ಯಾವ ಮೀನು ಬಂದರೂ ಅದಕ್ಕೆ ಅಲ್ಲಿ ಅಭಯ. ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ; ಮೊಟ್ಟೆ ಇಡುವ ಮೀನುಗಳೆಲ್ಲ ಮುಂಚಿತವಾಗಿ ಅರ್ಜಿ ಹಾಕಿಕೊಂಡಿರಬೇಕು ಎಂಬ ಷರತ್ತು ಅದರಲ್ಲಿಲ್ಲ.

ಇನ್ನು, ಜಾಗ ಕೊಟ್ಟೇ ಬಿಟ್ಟರು ಎನ್ನಿ. ಯಾವ ಜಾಗ? ಮಲೆನಾಡಿನಲ್ಲಿ ತೋಟ ಪಾಲಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನ ಪಕ್ಕದ ಕಾಫಿ ದೊಡ್ಡವನಿಗೆ, ಮೆಣಸಿನ ಬಳ್ಳಿ ಹಬ್ಬಿದ ಮರಗಳು ನಡುವಿನವನಿಗೆ. ಮೇಲಿನ ಬಂಡೆ, ಅದರ ಸುತ್ತಲಿನ ಲಂಟಾನದ ಪೊದೆ ಚಿಕ್ಕವನಿಗೆ. ವಿಸ್ತೀರ್ಣ ಅಳೆದರೆ ಚಿಕ್ಕವನದೇ ಹೆಚ್ಚು, ‘ನಿನಗೇ ಜಾಸ್ತಿ ಬಿಟ್ಟಿದ್ದೇವಪ್ಪ’ ಎಂಬ ಉಪಕಾರದ ಮಾತು ಬೇರೆ. ಜಗತ್ತಿನ ಎಷ್ಟೋ ಕಡಲ ಮೀಸಲುಗಳು ಈ ಚಿಕ್ಕವನ ಪಾಲು: ಮೀನು ಹಿಡಿಯಲು, ಎಣ್ಣೆ ತೆಗೆಯಲು, ಬಂದರು ಕಟ್ಟಲು ಯಾರೂ ಕೇಳದ ನೀರು. ಹೊನ್ನಾವರದ ಕಾಸರಕೋಡಿನಂಥ ತೀರದಲ್ಲಿ ಬಂದರಿನ ಮಾತು ಬಂದರೆ ಮಾತ್ರ, ಕಡಲಾಮೆ ಅಲ್ಲಿ ಮೊಟ್ಟೆ ಇಡುವುದು ನಿಜವೇ ಎಂಬ ವಾದ ಏಳುತ್ತದೆ. ಮೀನುಗಾರರು ಕಣ್ಣಾರೆ ಕಂಡದ್ದು ಮಾಹಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಮಾಹಿತಿಯ ಮೇಲೆ ನಮಗೆ ಅಷ್ಟೊಂದು ಭಕ್ತಿ ನಿಜವಾಗಿಯೂ ಇದೆಯೇ? ಸಕಲೇಶಪುರಕ್ಕೆ ಬನ್ನಿ. ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆ, ಅಲ್ಲಿ 24.01 ಟಿಎಂಸಿ ನೀರು ಸಿಗುತ್ತದೆಂದು ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಲೆಕ್ಕ ಹಾಕಿ 9.55 ಟಿಎಂಸಿ ಎಂದರು. ಆಗ ಯಾರೂ ಸಮಗ್ರ ಮಾಹಿತಿಗಾಗಿ ಕಾಯಲಿಲ್ಲ. ಕುಡಿಯುವ ನೀರಿನ ಯೋಜನೆ ಎಂದು ಕರೆದದ್ದರಿಂದ ಪರಿಸರ ಅನುಮತಿಯೂ ಬೇಕಾಗಲಿಲ್ಲ. ಗುಡ್ಡ ಬಗೆದರು, ಪೈಪು ಹೂತರು, ವೆಚ್ಚ 23,251 ಕೋಟಿ ರೂಪಾಯಿಗೇರಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ನೇತ್ರಾವತಿಗೆ ಸೇರಿ ಕಡಲಿಗೆ ಹೋಗಬೇಕಾಗಿದ್ದ ಆ ನೀರನ್ನು, ನದಿ ಕಡಲು ಸೇರುವಲ್ಲಿ ನೆಚ್ಚಿಕೊಂಡ ಮರಿಮೀನುಗಳೆಷ್ಟು ಎಂದು ಕೇಳಿದವರನ್ನು ಅಭಿವೃದ್ಧಿಯ ವಿರೋಧಿಗಳೆಂದರು. ಇಲ್ಲಿ ತಮಾಷೆಗೆ ನನ್ನಲ್ಲಿ ಏನೂ ಉಳಿದಿಲ್ಲ. ಅಗೆಯಲು ಅರ್ಧ ಮಾಹಿತಿ ಸಾಕು, ಕಾಪಾಡಲು ಮಾತ್ರ ಪೂರ್ತಿ ಬೇಕು. ಇದನ್ನು ಅಜ್ಞಾನ ಎನ್ನುವಷ್ಟು ದಡ್ಡರು ನಾವಲ್ಲ.

ಈ ನಡುವೆ ಬಲೆಯೇನೂ ಕಾಯುತ್ತಿಲ್ಲ. ಅದರಲ್ಲಿ ಬೆರಳುದ್ದದ ಮರಿಗಳು, ಮಾರುಕಟ್ಟೆಯಲ್ಲಿ ಯಾರೂ ಹೆಸರು ಹಿಡಿದು ಕೇಳದ ಮೀನುಗಳು ರಾಶಿಯಾಗಿ ಬರುತ್ತವೆ. ಅವು ಟನ್ನಿನ ಲೆಕ್ಕದಲ್ಲಿ ಕರಾವಳಿಯ ಮೀನುಪುಡಿಯ ಕಾರ್ಖಾನೆಗಳಿಗೆ ಹೋಗುತ್ತವೆ. ಆ ಪುಡಿ ಕೋಳಿಯ ಆಹಾರಕ್ಕೆ ಸೇರುತ್ತದೆ. 22 ಲಕ್ಷದಲ್ಲಿ ಹೆಸರಿಲ್ಲದ ಒಂದೆರಡನ್ನು ನಾವು ಕಳೆದ ಭಾನುವಾರ ಮುದ್ದೆಯ ಜೊತೆ ಮುಗಿಸಿರಲೂಬಹುದು.