ಪಂಟ್ ಹಿಡಿಯುವವನು ಬೇರೆ, ಕಿಕಾಫ್ ಓಡುವವನು ಬೇರೆ

"ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವನನ್ನು ಹಿಂದೆ ನಿಲ್ಲಿಸಿದರೆ ಆಯಿತಲ್ಲ" ಎನ್ನುವವರ ಜೊತೆ ವಾದಿಸಿ ವಾದಿಸಿ ಸಾಕಾಗಿದೆ. ಒಮ್ಮೆ ಬರೆದೇ ಬಿಡುತ್ತೇನೆ. ವಿಷಯ ಅಮೆರಿಕನ್ ಫುಟ್‌ಬಾಲ್. ಆಸಕ್ತಿ ಇಲ್ಲದವರು ಮುಂದಿನ ಪೋಸ್ಟ್‌ಗೆ ಹೋಗಬಹುದು, ಬೇಸರವಿಲ್ಲ.

ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ತಂಡವೊಂದು ತನ್ನ ರಿಟರ್ನರ್‌ಗಳನ್ನು, ಅಂದರೆ ಎದುರಾಳಿ ಒದ್ದ ಚೆಂಡನ್ನು ಹಿಡಿದು ಮರಳಿ ಓಡುವವರನ್ನು, ಪಂಟ್‌ಗೂ ಕಿಕಾಫ್‌ಗೂ ಒಂದೇ ಅಳತೆಗೋಲಿನಲ್ಲಿ ಆರಿಸಬಾರದು ಎಂಬುದು ನನ್ನ ವಾದ. ಪಂಟ್‌ಗೆ ಮೊದಲು ಬೇಕಾದದ್ದು ಕೈ, ಆಮೇಲೆ ತಲೆ, ಕಾಲು ಕೊನೆಗೆ. ಕಿಕಾಫ್‌ಗೆ, ಅಂದರೆ ಆಟ ಶುರುವಾಗುವಾಗ ಮತ್ತು ಅಂಕ ಗಳಿಸಿದ ಮೇಲೆ ಒದೆಯುವ ಚೆಂಡಿಗೆ, ಕಾಲೇ ಮುಖ್ಯ, ಅದರಲ್ಲೂ ಈಗಿನ ನಿಯಮದಲ್ಲಿ.

ಪಂಟ್ ಎಂದರೆ ಗೊತ್ತಿಲ್ಲದವರಿಗೆ: ನಾಲ್ಕು ಯತ್ನಗಳಲ್ಲಿ 10 ಗಜ ದಾಟುವುದು ಕಷ್ಟ ಎಂದು ಕಂಡಾಗ, ನಾಲ್ಕನೆಯ ಯತ್ನದಲ್ಲಿ ಚೆಂಡನ್ನು ಕೈಯಿಂದ ಬಿಟ್ಟು ಒದ್ದು ಎದುರಾಳಿಯನ್ನು ಆದಷ್ಟೂ ಹಿಂದಕ್ಕೆ ತಳ್ಳುತ್ತಾರೆ. ಒಳ್ಳೆಯ ಪಂಟ್ ನಾಲ್ಕೂವರೆ ಸೆಕೆಂಡಿನಷ್ಟು ಗಾಳಿಯಲ್ಲಿರುತ್ತದೆ. ಚೆಂಡು ಕೆಳಗೆ ಬರುವಷ್ಟರಲ್ಲಿ ಎರಡೂ ಅಂಚುಗಳಿಂದ ಹೊರಟ ಗನ್ನರ್‌ಗಳು (ಒದ್ದ ತಂಡದ ಓಟಗಾರರು) ಹಿಡಿಯುವವನ ಎದೆಯ ಹತ್ತಿರ ಬಂದಿರುತ್ತಾರೆ. ಲಾಂಗ್ ಆನ್‌ನಲ್ಲಿ ಎತ್ತರದ ಕ್ಯಾಚಿಗೆ ಕಾದು ನಿಂತವನನ್ನು ಕೆಡವಲೆಂದೇ ಇಬ್ಬರು ದಾಂಡಿಗರು ಓಡಿ ಬರುತ್ತಿದ್ದರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ಚೆಂಡು ದುಂಡಗೂ ಇಲ್ಲ. ಪಂಟರ್ ಎಡಗಾಲಿನವನಾದರೆ ಅದು ತಿರುಗುವ ದಿಕ್ಕೇ ಬದಲಾಗಿ, ಅಭ್ಯಾಸವಿಲ್ಲದವನಿಗೆ ಕೊನೆಯ ಗಳಿಗೆಯಲ್ಲಿ ಕೈತಪ್ಪುತ್ತದೆ.

ಆ ನಾಲ್ಕೂವರೆ ಸೆಕೆಂಡಿನಲ್ಲೇ ಅವನು ತೀರ್ಮಾನವನ್ನೂ ಮಾಡಬೇಕು. ಹಿಡಿದು ಓಡುವುದೇ, ಕೈ ಬೀಸಿ ಫೇರ್ ಕ್ಯಾಚ್ (ಓಡುವುದಿಲ್ಲ, ನನ್ನನ್ನು ಮುಟ್ಟಬೇಡಿ ಎಂಬ ಸನ್ನೆ) ಕೇಳುವುದೇ, ಅಥವಾ ಮುಟ್ಟದೆ ದೂರ ಸರಿಯುವುದೇ? ತನ್ನ 10 ಗಜದ ಗೆರೆಯ ಆಚೆ, ಎಂಡ್ ಝೋನ್ (ಮೈದಾನದ ತುದಿಯ ಅಂಕದ ಪಟ್ಟಿ) ಕಡೆಗೆ ಬೀಳುವ ಚೆಂಡನ್ನು ಸಾಮಾನ್ಯವಾಗಿ ಬಿಟ್ಟುಬಿಡಬೇಕು. ಅದು ಉರುಳಿ ಒಳಗೆ ಹೋದರೆ ತಂಡಕ್ಕೆ 20 ಗಜದ ಗೆರೆಯಿಂದ ಆಟ ಸಿಗುತ್ತದೆ. ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವ ಲಾಭವೆಷ್ಟು? ಒಂದು ಪಂಟ್ ರಿಟರ್ನ್‌ನ ಸರಾಸರಿ ಸುಮಾರು 10 ಗಜ. ಚೆಂಡು ಜಾರಿದರೆ ಹೋಗುವುದು ತಂಡದ ಇಡೀ ಸರದಿ, ಅದೂ ತನ್ನದೇ ಗೋಲಿನ ಸಮೀಪ. ಈ ಲೆಕ್ಕ ನೋಡಿದ ಮೇಲೂ 40 ಗಜದ ಓಟದ ಸಮಯವನ್ನು ಮುಂದಿಟ್ಟುಕೊಂಡು ಪಂಟ್ ರಿಟರ್ನರ್‌ನನ್ನು ಆರಿಸುವ ಕೋಚ್‌ಗಳಿಗೆ ಏನು ಹೇಳಬೇಕೋ ತಿಳಿಯದು.

2012ರ ಜನವರಿಯ ಎನ್‌ಎಫ್‌ಸಿ ಫೈನಲ್ ನೋಡಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಮೊದಲಿನ ಪಂದ್ಯ. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಖಾಯಂ ರಿಟರ್ನರ್ ಟೆಡ್ ಗಿನ್ ಗಾಯಗೊಂಡಿದ್ದರು; ಬದಲಿಗೆ ನಿಂತವರು ಕೈಲ್ ವಿಲಿಯಮ್ಸ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಪುಟಿದು ಬಂದ ಪಂಟ್ ಅವರ ಮೊಣಕಾಲಿಗೆ ಸವರಿತು. ಹಿಡಿಯಲು ಹೋಗಿದ್ದೂ ಅಲ್ಲ, ಸಾಕಷ್ಟು ದೂರ ಸರಿಯದೆ ಇದ್ದದ್ದು. ಅವರಿಗೆ ತಾಗಿದ ಚೆಂಡನ್ನು ಎದುರಾಳಿ ಜೈಂಟ್ಸ್ ಹೆಕ್ಕಿಕೊಂಡು, ಮುಂದೆ ಅದನ್ನು ಟಚ್‌ಡೌನ್ (ಎಂಡ್ ಝೋನ್ ತಲುಪಿ ಗಳಿಸುವ ಅಂಕ) ಮಾಡಿಕೊಂಡಿತು. ಹೆಚ್ಚುವರಿ ಅವಧಿಯಲ್ಲಿ ಮತ್ತೊಂದು ಪಂಟ್ ಹಿಡಿದು ಓಡುವಾಗ ಚೆಂಡು ಕೈಬಿಟ್ಟಿತು, ಪಂದ್ಯ 20-17ಕ್ಕೆ ಮುಗಿಯಿತು. ಜೈಂಟ್ಸ್ ಸೂಪರ್ ಬೌಲ್‌ಗೆ ಹೋಗಿ ಗೆದ್ದಿತು. ಆ ಸಂಜೆ ವಿಲಿಯಮ್ಸ್ ಎಷ್ಟು ವೇಗವಾಗಿ ಓಡಬಲ್ಲರು ಎಂಬುದು ಯಾರಿಗೂ ಬೇಕಿರಲಿಲ್ಲ. ಅವರನ್ನು ಬೈದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಗಾಯ ಇಷ್ಟು ಸಾಮಾನ್ಯವಾದ ಆಟದಲ್ಲಿ ಎರಡನೆಯ ಆಯ್ಕೆಯವನನ್ನು ಅರೆಬರೆ ತಯಾರಿಯಲ್ಲಿ ಇಟ್ಟುಕೊಳ್ಳುವುದು ತಂಡದ ತಪ್ಪು.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಡೆವಿನ್ ಹೆಸ್ಟರ್ ಹೆಸರು ಎತ್ತಿಯೇ ಎತ್ತುತ್ತಾರೆ. ಒಪ್ಪಿದೆ. 2006ರಲ್ಲಿ ಶಿಕಾಗೋ ಬೇರ್ಸ್ ಡ್ರಾಫ್ಟ್‌ನ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಎರಡನೇ ಸುತ್ತಿನಲ್ಲಿ ಆರಿಸಿಕೊಂಡ ಆ ಮಹಾನುಭಾವರು ಒಟ್ಟು 20 ರಿಟರ್ನ್ ಟಚ್‌ಡೌನ್ ಗಳಿಸಿದರು. 2007ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಮೊದಲ ಕಿಕಾಫನ್ನೇ 92 ಗಜ ಓಡಿಸಿದರು. 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅವರಿಗೆ ಚೆಂಡು ಸಿಗದಿರಲಿ ಎಂದು ಎದುರಾಳಿಗಳು ಬೇಕೆಂದೇ ಹೊರಗೆ ಒದೆಯುತ್ತಿದ್ದರು. ಆದರೆ ಹೆಸ್ಟರ್ ಒಬ್ಬರೇ. ಅವರನ್ನು ನೋಡಿ ಆಯ್ಕೆಯ ನಿಯಮ ಮಾಡಿಕೊಂಡ ತಂಡಗಳಿಗೆ ಸಿಕ್ಕಿದ್ದು ಹೆಚ್ಚಾಗಿ ವೇಗ ಮಾತ್ರ.

ಕಿಕಾಫ್‌ನ ಕಥೆ ಬೇರೆ. 2023ರಲ್ಲಿ ಐದು ಕಿಕಾಫ್‌ಗಳಲ್ಲಿ ಒಂದರಷ್ಟು ಮಾತ್ರ ಓಟ ಕಾಣುತ್ತಿತ್ತು. ಉಳಿದವು ಎಂಡ್ ಝೋನ್ ಪಾಲು. 2024ರಲ್ಲಿ ನಿಯಮ ತಲೆಕೆಳಗಾಯಿತು. ಒದೆಯುವವನು ದೂರ ನಿಲ್ಲುತ್ತಾನೆ, ಅವನ ಹತ್ತು ಜೊತೆಗಾರರು ಎದುರಾಳಿಯ 40 ಗಜದ ಗೆರೆಯಲ್ಲಿ, ತಡೆಯುವವರು ಅವರ ಮುಂದೆಯೇ. ಚೆಂಡು ನೆಲಕ್ಕೋ ಕೈಗೋ ತಾಗುವವರೆಗೆ ಇವರಾರೂ ಕದಲುವಂತಿಲ್ಲ. 2025ರಲ್ಲಿ, ನೇರವಾಗಿ ಎಂಡ್ ಝೋನ್‌ಗೆ ಒದ್ದರೆ ಎದುರಾಳಿಗೆ 35 ಗಜದ ಗೆರೆ ಕೊಡಬೇಕೆಂದಾದ ಮೇಲೆ ನಾಲ್ಕರಲ್ಲಿ ಮೂರರಷ್ಟು ಕಿಕಾಫ್‌ಗಳು ಓಡಲ್ಪಟ್ಟವು. ಇಲ್ಲಿ ಹಿಡಿಯುವಾಗ ಮೈಮೇಲೆ ಯಾರೂ ಇರುವುದಿಲ್ಲ. ಹಿಡಿದು, ಸಂದು ಕಂಡ ಕಡೆ ಒಮ್ಮೆ ತಿರುಗಿ, ಭುಜ ಕೊಟ್ಟು ನುಗ್ಗಬೇಕು. ಇದು ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ನ ದಿನನಿತ್ಯದ ಕೆಲಸ.

ನಾನು ನ್ಯೂಯಾರ್ಕ್ ಜೆಟ್ಸ್ ಅಭಿಮಾನಿ (ಅನುಕಂಪ ಬೇಡ, ಅಭ್ಯಾಸವಾಗಿದೆ). ನಮ್ಮ ತಂಡಕ್ಕೆ ಈ ಪಾಠ ದುಬಾರಿಯಾಯಿತು. 2023ರ ಸೆಪ್ಟೆಂಬರ್ 11ರಂದು ನಮ್ಮ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ಆ್ಯರನ್ ರಾಜರ್ಸ್ ನಾಲ್ಕೇ ಯತ್ನಕ್ಕೆ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಕುಸಿದ ರಾತ್ರಿ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹೊಸಬ ಝೇವಿಯರ್ ಗಿಪ್ಸನ್ ಹೆಚ್ಚುವರಿ ಅವಧಿಯಲ್ಲಿ 65 ಗಜದ ಪಂಟ್ ರಿಟರ್ನ್ ಮಾಡಿ ಬಫಲೋ ವಿರುದ್ಧ ಗೆಲ್ಲಿಸಿದರು. ಎರಡು ವರ್ಷದ ನಂತರ, 2025ರ ಮೊದಲ ಪಂದ್ಯದಲ್ಲಿ ಅದೇ ಗಿಪ್ಸನ್ ಕಿಕಾಫ್ ಓಡುವಾಗ ಚೆಂಡು ಕೈಬಿಟ್ಟರು. ಎದುರಿಗಿದ್ದದ್ದು ಅದೇ ರಾಜರ್ಸ್, ಆಗ ಸ್ಟೀಲರ್ಸ್ ಅಂಗಿಯಲ್ಲಿ. ನಾವು 34-32ಕ್ಕೆ ಸೋತೆವು. ಗಿಪ್ಸನ್‌ರನ್ನು ಅದೇ ವಾರ ಬಿಟ್ಟುಬಿಟ್ಟರು. ಪಂಟ್‌ನಲ್ಲಿ ಗೆಲ್ಲಿಸಿದವರನ್ನು ಕಿಕಾಫ್‌ನ ತಪ್ಪಿಗೆ ಮನೆಗೆ ಕಳುಹಿಸಿದ್ದು ನನಗೆ ಸರಿ ಕಾಣಲಿಲ್ಲ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಬ್ರೌನ್ಸ್ ವಿರುದ್ಧ ರನ್ನಿಂಗ್ ಬ್ಯಾಕ್ ಕೆನೆ ನ್ವಾಂಗ್ವು ಕಿಕಾಫನ್ನು 99 ಗಜ ಓಡಿಸಿದರು, ಎಸೆತ ಹಿಡಿಯುವ ರಿಸೀವರ್ ಐಸಾಯಾ ವಿಲಿಯಮ್ಸ್ ಪಂಟನ್ನು 74 ಗಜ. ಎರಡು ಕೆಲಸ, ಇಬ್ಬರು. ಪಂದ್ಯ 27-20ಕ್ಕೆ ನಮ್ಮದಾಯಿತು.

ತಾರಾ ಆಟಗಾರನನ್ನೇ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಬೇಡ. 1998ರ ಅಭ್ಯಾಸ ಪಂದ್ಯವೊಂದರಲ್ಲಿ ಜೈಂಟ್ಸ್ ತಂಡದ ತಾರೆ, ರಕ್ಷಣೆಯ ಕಾರ್ನರ್‌ಬ್ಯಾಕ್ ಜೇಸನ್ ಸೀಹಾರ್ನ್ ಕಿಕಾಫ್ ಓಡಲು ಹೋಗಿ ಮೊಣಕಾಲಿಗೆ ಭಾರೀ ಗಾಯ ಮಾಡಿಕೊಂಡರು, ಇಡೀ ಋತುವೇ ಹೋಯಿತು. ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ!

ಹಾಗಾಗಿ ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ, ಉಳಿದವರೆಲ್ಲ ಹೊಸ ಕ್ವಾರ್ಟರ್‌ಬ್ಯಾಕ್‌ನ ಎಸೆತ ನೋಡುತ್ತಿರುವಾಗ, ನಾನು ಆರನೇ ಆಯ್ಕೆಯ ರಿಸೀವರ್‌ನ ಪಂಟ್ ಹಿಡಿತ ನೋಡುತ್ತೇನೆ. ಎದುರಾಳಿ ಪಂಟರ್ ಎಡಗಾಲಿನವನಾಗಿದ್ದರೆ ಇನ್ನೂ ಒಳ್ಳೆಯದು.